ಮಾವನ ಗೊಬ್ಬರದಂಗಡಿ ರೆಸ್ಯೂಮೆಯಲ್ಲಿ ಯಾಕಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಡಿಗ್ರಿ ಮುಗೀತು, ಕೆಲಸ ಎಲ್ಲಿ? ಹಾಗಾಗಿ ಅತ್ತೆ-ಸೊಸೆ, ಜಾಗದ ತಕರಾರು, ಮದುವೆ ಪತ್ರಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ, ಅವರು ಬೇಸರ ಮಾಡಿಕೊಳ್ಳಬಾರದು. ಹೊಸ ಓದುಗರಿಗೆ ಒಂದು ಮಾತು: ನಾನು ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಇದ್ದವಳು. ಕೊನೆಯ ಒಂಬತ್ತು ವರ್ಷ ಹೊಸ ಹುಡುಗ ಹುಡುಗಿಯರನ್ನು ಆರಿಸುವ ಮೇಜಿನಲ್ಲೂ ಕೂತಿದ್ದೆ. ಆ ಅನುಭವದಿಂದ ಹೇಳುತ್ತೇನೆ, ಪುಸ್ತಕ ನೋಡಿ ಅಲ್ಲ.

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಮುಗಿಸಿ ಹತ್ತು ತಿಂಗಳಾಯಿತು, 71 ಪರ್ಸೆಂಟ್. ಮೊಬೈಲ್‌ನಲ್ಲಿ ಇರುವ ಎಲ್ಲ ಕೆಲಸದ ಆ್ಯಪ್‌ಗಳಲ್ಲೂ ಅರ್ಜಿ ಹಾಕಿದ್ದೇನೆ, ಎಣಿಸಿದರೆ 140 ದಾಟಿದೆ. ಬಂದ ಉತ್ತರ ಮೂರು. ಅದರಲ್ಲಿ ಎರಡು ಇನ್ಶೂರೆನ್ಸ್ ಮಾರುವ ಕೆಲಸ. ಅನುಭವ ಇಲ್ಲ ಅಂತ ಯಾರೂ ತಗೊಳ್ಳಲ್ಲ, ತಗೊಳ್ಳದೆ ಅನುಭವ ಎಲ್ಲಿಂದ ಬರುತ್ತೆ? ಸದ್ಯಕ್ಕೆ ಮನೆಯಲ್ಲೇ ಇದ್ದೇನೆ, ಸುಮ್ನೆ ಕೂರಬಾರದು ಅಂತ ಮಾವನ ಗೊಬ್ಬರದ ಅಂಗಡಿಯಲ್ಲಿ ಬಿಲ್ ಹಾಕ್ತಿರ್ತೀನಿ. ರೆಸ್ಯೂಮೆ ಜೊತೆಗಿಟ್ಟಿದ್ದೇನೆ, ಎಲ್ಲಿ ತಪ್ಪಾಗಿದೆ ಹೇಳಿ.
(ಹೆಸರು ಬೇಡ, ಹೊಸದುರ್ಗ ತಾಲ್ಲೂಕು)

ಉತ್ತರ: ನಿಮ್ಮ ರೆಸ್ಯೂಮೆ ಎರಡು ಸಲ ಓದಿದೆ. ಮೊದಲ ಸಾಲಿನಲ್ಲೇ "ಸವಾಲಿನ ವಾತಾವರಣದಲ್ಲಿ ನನ್ನ ಕೌಶಲ್ಯ ಬಳಸಿ ಸಂಸ್ಥೆಯ ಏಳಿಗೆಗೆ ದುಡಿಯುವುದು" ಎಂಬ ಗುರಿ ಇಂಗ್ಲಿಷಿನಲ್ಲಿದೆ. ಇದೇ ಸಾಲನ್ನು ನಾನು ಎಷ್ಟು ನೂರು ಕಾಗದದಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಆಮೇಲೆ ಅಪ್ಪನ ಹೆಸರು, ರಕ್ತದ ಗುಂಪು, ಹತ್ತನೇ ಕ್ಲಾಸಿನ ಅಂಕ, ಪಿಯುಸಿ ಅಂಕ, "ಟ್ಯಾಲಿ: ಬೇಸಿಕ್", ಹವ್ಯಾಸ ಅಂತ ಕ್ರಿಕೆಟ್ ನೋಡುವುದು, ಹಾಡು ಕೇಳುವುದು. ಕೊನೆಗೆ ಮೇಲಿನದೆಲ್ಲ ಸತ್ಯ ಎಂದು ಸಹಿ. ಸತ್ಯವೇ ಇರಬಹುದು, ಆದರೆ ಇದರಲ್ಲಿ ನೀವಿಲ್ಲ.

ನೀವು ಇರುವುದು ಪತ್ರದಲ್ಲಿ. "ಮಾವನ ಗೊಬ್ಬರದ ಅಂಗಡಿಯಲ್ಲಿ ಬಿಲ್ ಹಾಕ್ತಿರ್ತೀನಿ" ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಲ್ಲ, ಅಲ್ಲಿ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ ನೋಡಿ.

ಗೊಬ್ಬರದ ಅಂಗಡಿ ಅಂದರೆ ಸಣ್ಣ ಲೆಕ್ಕವಾ? ಸಬ್ಸಿಡಿ ಯೂರಿಯಾ, ಡಿಎಪಿ ಕೊಡಬೇಕಾದರೆ ಪಿಒಎಸ್ ಮೆಷಿನ್‌ನಲ್ಲಿ ರೈತರ ಆಧಾರ್ ಹಾಕಿ ಬೆರಳು ಇಡಿಸಬೇಕು. ಮೆಷಿನ್ ತೋರಿಸುವ ಸ್ಟಾಕೂ ಗೋಡೌನಿನಲ್ಲಿರುವ ಚೀಲವೂ ತಾಳೆಯಾಗಬೇಕು, ಆಗದಿದ್ದರೆ ಕೃಷಿ ಇಲಾಖೆಯವರು ಬಂದಾಗ ಮಾವನ ಲೈಸೆನ್ಸಿಗೇ ಕುತ್ತು. ಗೊಬ್ಬರಕ್ಕೆ ಒಂದು ಜಿಎಸ್‌ಟಿ ದರ, ಕೀಟನಾಶಕಕ್ಕೆ ಇನ್ನೊಂದು. ಅದರ ಮೇಲೆ ಉದ್ರಿ ಪುಸ್ತಕ, ಮಳೆ ಬಿದ್ದ ವಾರ ಅಂಗಡಿ ಮುಂದೆ ಸಾಲು. ಇದನ್ನೆಲ್ಲ ನೀವು ಮಾಡುತ್ತಿದ್ದರೆ ನಿಮಗೆ ಅನುಭವ ಇಲ್ಲ ಅಂತ ಹೇಳಿದ್ದು ಯಾರು? ನೀವೇ ಹೇಳಿಕೊಂಡಿದ್ದೀರಿ, ಬರೆಯದೇ ಇರುವ ಮೂಲಕ.

ಈ ವಾರ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ತಗೊಂಡು ಅಂಗಡಿಯಲ್ಲಿ ದಿನಕ್ಕೆ ಎಷ್ಟು ಬಿಲ್ ಆಗುತ್ತೆ, ಎಷ್ಟು ಥರದ ಸರಕಿದೆ, ಉದ್ರಿ ಖಾತೆ ಎಷ್ಟು, ಅದರಲ್ಲಿ ವಸೂಲಿ ನೋಡುವುದು ನೀವಾ ಮಾವನಾ, ಎಲ್ಲ ಎಣಿಸಿ ಬರೆಯಿರಿ. ನಿಜವಾದ ಸಂಖ್ಯೆ ಹಾಕಿ, ಉಬ್ಬಿಸಬೇಡಿ. ಆಮೇಲೆ ರೆಸ್ಯೂಮೆಯ ಮೇಲಿನ ಗುರಿಯನ್ನು ಹೊಡೆದುಹಾಕಿ ಆ ಜಾಗದಲ್ಲಿ ನಾಲ್ಕು ಸಾಲು ಬರೆಯಿರಿ: ಇಂಥ ತಿಂಗಳಿನಿಂದ ಗೊಬ್ಬರದ ಅಂಗಡಿಯ ಬಿಲ್ಲಿಂಗ್, ದಿನಕ್ಕೆ ಇಷ್ಟು, ಪಿಒಎಸ್ ಸ್ಟಾಕ್ ತಾಳೆ ನೋಡುವುದು, ಉದ್ರಿ ಖಾತೆ ಇಷ್ಟು, ತಿಂಗಳ ಜಿಎಸ್‌ಟಿ ಲೆಕ್ಕಕ್ಕೆ ಆಡಿಟರಿಗೆ ಕಾಗದ ಒದಗಿಸುವುದು. ಈ ಕೊನೆಯದನ್ನು ಈಗ ಮಾಡುತ್ತಿಲ್ಲ ಅಂದರೆ ಮಾವನ ಹತ್ತಿರ ಕೇಳಿ ಇವತ್ತಿನಿಂದಲೇ ಶುರು ಮಾಡಿ. ಮಾವ ಬೇಡ ಅನ್ನಲ್ಲ, ಆ ಕಾಗದ ಜೋಡಿಸುವುದು ಯಾವ ಅಂಗಡಿಯವರಿಗೂ ಇಷ್ಟವಿಲ್ಲದ ಕೆಲಸ.

ಇನ್ನು 140 ಅರ್ಜಿಯ ವಿಷಯ. ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ಅರ್ಜಿ ಹೋಗುತ್ತೆ, ಅದೇ ತೊಂದರೆ. ನಿಮ್ಮ ಹಾಗೆ ಎಲ್ಲರೂ ಒತ್ತುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಒಬ್ಬ ಅಕೌಂಟ್ಸ್ ಅಸಿಸ್ಟೆಂಟ್ ಬೇಕು ಅಂತ ಹಾಕಿದರೆ ಎರಡು ದಿನಕ್ಕೆ ನಾನೂರು ಬರುತ್ತಿತ್ತು. ನಾನು ಓದುತ್ತಿದ್ದದ್ದು ಮೊದಲ ಅರವತ್ತೋ ಎಪ್ಪತ್ತೋ. ನಿಜ ಹೇಳುತ್ತಿದ್ದೇನೆ, ನಾಚಿಕೆ ಇದೆ, ಆದರೆ ಅಷ್ಟೇ ಸಮಯ ಇರುತ್ತಿದ್ದದ್ದು.

ನೀವು ಹೋಗಬೇಕಾದದ್ದು ನಿಮ್ಮ ಮಾವನ ಆಡಿಟರ್ ಹತ್ತಿರ. ಹೌದು, ಮೊದಲು ಅಲ್ಲಿಗೇ. ಆಮೇಲೆ ಚಿತ್ರದುರ್ಗ, ದಾವಣಗೆರೆಯ ಬೇರೆ ಆಡಿಟರ್ ಆಫೀಸುಗಳು, ಮಾವನ ಅಂಗಡಿಗೆ ಸರಕು ಹಾಕುವ ಡಿಸ್ಟ್ರಿಬ್ಯೂಟರ್‌ಗಳು. ಕೆಲಸ ಕೊಡಿ ಅನ್ನಬೇಡಿ, "ಎರಡು ವಾರ ನಿಮ್ಮಲ್ಲಿ ಎಂಟ್ರಿ ಮಾಡ್ತೀನಿ ಸರ್, ನೋಡಿ ಹೇಳಿ" ಅನ್ನಿ. ಮತ್ತೆ ಯಾವ ದಿನ ಹೋಗುತ್ತೀರಿ ಅನ್ನೋದೂ ಮುಖ್ಯ. ಆಡಿಟರ್ ಆಫೀಸಿನಲ್ಲಿ ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ನೌಕರರ ಪಿಎಫ್ ಮತ್ತು ಇಎಸ್‌ಐ ಅನ್ನುವ ವಿಮೆ, 20ಕ್ಕೆ ಜಿಎಸ್‌ಟಿಆರ್-3ಬಿ, ಹೀಗೆ ತೆರಿಗೆ ಕಟ್ಟುವ, ಲೆಕ್ಕ ಸಲ್ಲಿಸುವ ಕೊನೆ ದಿನಗಳು. 19ನೇ ತಾರೀಖು ಬಾಗಿಲಲ್ಲಿ ನಿಂತರೆ ನಿಮ್ಮ ಮುಖ ನೋಡುವಷ್ಟು ಪುರುಸೊತ್ತೂ ಯಾರಿಗೂ ಇರಲ್ಲ. 22ರ ಮೇಲೆ ಹೋಗಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಸೆಪ್ಟೆಂಬರ್ ಪೂರ್ತಿ ಆ ಕಡೆ ತಲೆ ಹಾಕಬೇಡಿ, ಟ್ಯಾಕ್ಸ್ ಆಡಿಟ್ ಗಲಾಟೆ. ಅಥವಾ ನಿಮಗೆ ಧೈರ್ಯ ಇದ್ದರೆ ಸೆಪ್ಟೆಂಬರ್‌ನಲ್ಲೇ ಹೋಗಿ "ಒಂದು ತಿಂಗಳಿಗೆ ಕೈ ಬೇಕಾ ಸರ್" ಅಂತ ಕೇಳಿ, ಆಗ ಬೇಡ ಅನ್ನುವವರು ಕಮ್ಮಿ!

ಅಲ್ಲಿ ಸಂಬಳ ಕಡಿಮೆ, ಗೊತ್ತು. ಒಂದು ವರ್ಷ ಇದ್ದರೆ ಮೂವತ್ತು ನಲವತ್ತು ವ್ಯಾಪಾರದ ಲೆಕ್ಕ ನಿಮ್ಮ ಕೈಮೇಲೆ ಹಾದುಹೋಗಿರುತ್ತದೆ. ನಮ್ಮಲ್ಲಿಗೆ ಹಾಗೆ ಬಂದ ಹುಡುಗ "ಜಿಎಸ್‌ಟಿಯ 2ಬಿ ಪಟ್ಟಿ ಜೊತೆ ಖರೀದಿ ಪುಸ್ತಕ ತಾಳೆ ನೋಡಿದ್ದೇನೆ ಮೇಡಂ" ಅಂದರೆ ನಾನು ಅವನ ಪರ್ಸೆಂಟೇಜ್ ಕೇಳುತ್ತಲೇ ಇರಲಿಲ್ಲ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದೇನೆ. ಒಂದು ಕಂಪನಿಯಿಂದ ಆಫರ್ ಬಂದಿದೆ, ವರ್ಷಕ್ಕೆ 3 ಲಕ್ಷ ಸಿಟಿಸಿ. ಎರಡು ವರ್ಷದ ಬಾಂಡ್, ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕಂತೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ ಇಡಬೇಕಂತೆ. ತಿಂಗಳಿಗೆ 25,000 ಕೈಗೆ ಬರುತ್ತಲ್ಲ, ಸೇರಬಹುದಾ?
(ಒಬ್ಬ ಓದುಗ, ತುಮಕೂರು)

ಉತ್ತರ: ಮೊದಲು 25,000 ಲೆಕ್ಕ ಸರಿ ಮಾಡೋಣ. ಸಿಟಿಸಿ ಅಂದರೆ ನಿಮ್ಮ ಕೈಗೆ ಬರುವುದಲ್ಲ, ನಿಮಗಾಗಿ ಕಂಪನಿ ಖರ್ಚು ಮಾಡುವುದು. ಒಂದು ಅಂದಾಜು ಹೇಳುತ್ತೇನೆ. 25,000ದಲ್ಲಿ ವರ್ಷದ ಕೊನೆಗೆ, ಅದೂ ಮನಸ್ಸಾದರೆ, ಕೊಡುವ ವೇರಿಯಬಲ್ 2,000 ತೆಗೆಯಿರಿ. ಬೇಸಿಕ್ 12,500 ಇದ್ದರೆ ಕಂಪನಿ ಕಟ್ಟುವ ಪಿಎಫ್ 12 ಪರ್ಸೆಂಟ್, ಅಂದರೆ 1,500. ಗ್ರಾಚ್ಯುಟಿಗೆ 600. ಕಂಪನಿ ಪಾಲಿನ ಇಎಸ್‌ಐ 660 ಹತ್ತಿರ. ಉಳಿಯಿತು 20,240. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,500, ಇಎಸ್‌ಐ 150. ಕೈಗೆ 18,600ರ ಹತ್ತಿರ. ಆಫರ್ ಲೆಟರ್ ಜೊತೆ ಸಂಬಳದ ಬ್ರೇಕಪ್ ಶೀಟ್ ಕೇಳಿ, ಇದೇ ಥರ ಕೂತು ಕಳೆಯಿರಿ. ಇಎಸ್‌ಐ ಕಡಿತ ನೋಡಿ ಬೇಸರ ಬೇಡ. ಸಂಬಳ 21,000ದ ಒಳಗಿದ್ದರೆ ಅದು ಸಿಗುತ್ತೆ, ನಿಮ್ಮನ್ನೇ ನಂಬಿರುವ ಅಪ್ಪ-ಅಮ್ಮನ ಚಿಕಿತ್ಸೆಗೂ ಆಗುತ್ತೆ. ನಮ್ಮ ಕಾರ್ಖಾನೆಯ ಎಷ್ಟೋ ಮನೆಗಳನ್ನು ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬಾಂಡ್ ಅಂದ ಕೂಡಲೇ ಅದಕ್ಕೆ ಬೆಲೆಯೇ ಇಲ್ಲ ಅಂತ ಗೆಳೆಯರು ಹೇಳಿರುತ್ತಾರೆ. ಅಷ್ಟು ಸುಲಭ ಅಲ್ಲ. ಒಂದು ಸರ್ಕಾರಿ ಬ್ಯಾಂಕಿನ ಅಧಿಕಾರಿ ಮೂರು ವರ್ಷ ಮುಗಿಸದೆ ಬಿಟ್ಟಾಗ ಕಟ್ಟಬೇಕಾಗಿದ್ದ 2 ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದರೆ ಅಲ್ಲಿ ಕೋರ್ಟ್ ನೋಡಿದ್ದು ಸರ್ಕಾರಿ ಬ್ಯಾಂಕು ಒಬ್ಬರನ್ನು ಆರಿಸಬೇಕಾದರೆ ಬಹಿರಂಗ ಜಾಹೀರಾತು, ಪರೀಕ್ಷೆ ಅಂತ ಎಷ್ಟು ಖರ್ಚು, ಎಷ್ಟು ಸಮಯ ಅನ್ನೋದನ್ನು. 1872ರ ಕರಾರು ಕಾಯ್ದೆ ಪ್ರಕಾರ ಕಾಗದದಲ್ಲಿ ಬರೆದ ಮೊತ್ತವೆಲ್ಲ ಹಾಗೇ ಸಿಕ್ಕಿಬಿಡಲ್ಲ, ನ್ಯಾಯವಾದ ಪರಿಹಾರ ಅಷ್ಟೇ, ಬರೆದ ಮೊತ್ತ ಅದರ ಮೇಲ್ಮಿತಿ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಒಂದೂವರೆ ಲಕ್ಷ ಯಾವ ಟ್ರೈನಿಂಗಿಗೆ? ಎಷ್ಟು ವಾರ? ಯಾವ ಮೆಷಿನ್ ಮೇಲೆ? ನಿಜವಾಗಿ ಮೂರು ತಿಂಗಳು ಸಿಎನ್‌ಸಿ, ಡಿಸೈನ್ ಕಲಿಸುತ್ತಾರೆ ಅಂದರೆ ಎರಡು ವರ್ಷ ನಷ್ಟವೇನಲ್ಲ. ಸುಮ್ನೆ ಕೂರಿಸಿ ಎಕ್ಸೆಲ್ ತುಂಬಿಸುವುದಕ್ಕೆ ಬಾಂಡ್ ಅಂದರೆ ಯೋಚಿಸಿ. ಖಾಲಿ ಚೆಕ್ಕಿಗೆ ಸಹಿ ಮಾಡಿ ಅಂದರೆ ಯೋಚಿಸಲೂ ಬೇಡಿ, ಎದ್ದು ಬನ್ನಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬೇಡಿ. ಇದು ನನ್ನ ಸ್ವಂತ ಗಾಯ. 1996ರಲ್ಲಿ ನನ್ನ ಮೊದಲ ಕೆಲಸಕ್ಕೆ ಸೇರುವಾಗ "ವೆರಿಫಿಕೇಶನ್‌ಗೆ" ಅಂತ ತಗೊಂಡವರು, ನಾನು ನಾಲ್ಕು ತಿಂಗಳಿಗೆ ಬಿಟ್ಟಾಗ ಕೊಡಲಿಲ್ಲ. ಏಳು ತಿಂಗಳು ಆ ಆಫೀಸಿನ ಮೆಟ್ಟಿಲು ಹತ್ತಿದ್ದೇನೆ, ನಡುವೆ ಒಂದು ಒಳ್ಳೆ ಕೆಲಸ ಕೈ ತಪ್ಪಿತು, ಅಲ್ಲಿ ಒರಿಜಿನಲ್ ತೋರಿಸಿ ಅಂದಿದ್ದರು. ಕೊನೆಗೆ ಕೊಟ್ಟಾಗ ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನಿನ ತುಕ್ಕು ಹತ್ತಿತ್ತು, ಇವತ್ತಿಗೂ ಇದೆ. ನಿಮಗೆ ಡಿಜಿಲಾಕರ್ ಇದೆ, ಅದರಿಂದ ಕೊಟ್ಟ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಮಾನ್ಯತೆ. ತೋರಿಸಿ, ಝೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ. ಒಪ್ಪದಿದ್ದರೆ ಆ ಕಂಪನಿ ಮುಂದೆ ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತೆ ಅಂತ ಈಗಲೇ ಗೊತ್ತಾಯಿತಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್ ಡೆಪಾಸಿಟ್ ಅಂತ 3,500 ಕಟ್ಟಿದರೆ ನಾಳೆಯೇ ವರ್ಕ್ ಫ್ರಂ ಹೋಮ್ ಜಾಯಿನಿಂಗ್ ಅಂತ ವಾಟ್ಸ್ಆ್ಯಪ್ ಬಂದಿದೆ. ದೊಡ್ಡ ಕಂಪನಿಯ ಲೋಗೋ ಇದೆ.
(ಮಂಡ್ಯ)

ಉತ್ತರ: ಕಟ್ಟಬೇಡಿ. ಲೋಗೋವನ್ನು ಯಾರು ಬೇಕಾದರೂ ಅಂಟಿಸಬಹುದು. ಕೆಲಸ ಕೊಡುವವರು ದುಡ್ಡು ಕೇಳಲ್ಲ. ಈಗಾಗಲೇ ಕಟ್ಟಿಬಿಟ್ಟಿದ್ದರೆ ಈ ಪತ್ರಿಕೆ ಪಕ್ಕಕ್ಕಿಟ್ಟು 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಮೇಡಂ, ಮಗ ಡಿಗ್ರಿ ಮುಗಿಸಿ ಮೂರು ವರ್ಷದಿಂದ ಧಾರವಾಡದಾಗ ರೂಮ್ ಮಾಡಿ ಕಾಂಪಿಟೇಟಿವ್ ಪರೀಕ್ಷೆಗೆ ಓದಾಕತ್ತಾನ. ತಿಂಗಳಿಗೆ 8,000 ಕಳಸ್ತೀನಿ. ಈಗ ವಯಸ್ಸು 25. ಕೇಳಿದ್ರ ಸಿಟ್ಟು ಮಾಡ್ತಾನ, ಫೋನ್ ಇಟ್ಟುಬಿಡ್ತಾನ. ಊರಾಗ ಜನ ಒಂದೊಂದು ಮಾತಾಡ್ತಾರ. ವಾಪಸ್ ಕರಸ್ಲೇನು?
(ಒಬ್ಬ ರೈತ, ಇಂಡಿ)

ಉತ್ತರ: ಅಣ್ಣಾವರೇ, ಮೊದಲು ಮಗನ ಪರವಾಗಿ ಒಂದು ಮಾತು. ಮೂರು ವರ್ಷ ಅವನೊಬ್ಬನೇ ಹಾಳುಮಾಡಿದ್ದಲ್ಲ. 545 ಪಿಎಸ್‌ಐ ಹುದ್ದೆಯ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗೆ ಕೆಪಿಎಸ್‌ಸಿ 2024ರ ಆಗಸ್ಟ್‌ನಲ್ಲಿ ಪರೀಕ್ಷೆ ಮಾಡಿತು, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಕೆಟ್ಟದಾಗಿತ್ತು ಅಂತ ಡಿಸೆಂಬರ್ 29ಕ್ಕೆ ಮತ್ತೆ ಮಾಡಿತು, ಅಲ್ಲೂ ಅದೇ ದೂರು. ಕನ್ನಡದಲ್ಲೇ ಓದಿದ ಹುಡುಗ ಕನ್ನಡ ಪ್ರಶ್ನೆ ಅರ್ಥವಾಗದೆ ಇಂಗ್ಲಿಷ್ ನೋಡಿ ಊಹಿಸಬೇಕು, ಇದಕ್ಕಿಂತ ಬೇಸರದ ವಿಷಯ ಇನ್ನೇನಿದೆ. ಆಮೇಲೆ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಅಂತ 2024ರ ಅಕ್ಟೋಬರ್‌ನಿಂದ ಹೊಸ ಅಧಿಸೂಚನೆಗಳೇ ನಿಂತವು. ಧಾರವಾಡದ ಸಪ್ತಾಪುರದ ಆ ರೀಡಿಂಗ್ ರೂಮುಗಳಲ್ಲಿ ಕುರ್ಚಿ ಹಿಡಿದು ಕೂತ ಮಕ್ಕಳ ಸಿಟ್ಟು ನಿಮ್ಮ ಮೇಲಿನದಲ್ಲ.

ಇನ್ನು ನಿಮ್ಮ ಪರವಾಗಿ. 8,000 ಕಳಿಸುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ಆದರೆ ಫೋನ್‌ನಲ್ಲಿ "ಏನಾತು?" ಅಂತ ಕೇಳಬೇಡಿ, ಆ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇಲ್ಲ. ಹಬ್ಬಕ್ಕೆ ಬಂದಾಗ ಊಟ ಆದಮೇಲೆ ಬೇರೆ ಥರ ಕೇಳಿ: ಬರೆದ ಪರೀಕ್ಷೆಗಳಲ್ಲಿ ನಿನ್ನ ಅಂಕ ಎಷ್ಟು, ನಮ್ಮ ವರ್ಗದ ಕಟ್-ಆಫ್ ಎಷ್ಟು, ಮೂರು ಸಲದ್ದು ಬರೆದು ತೋರಿಸು. ಅಂತರ ಪ್ರತಿ ಸಲ ಕಮ್ಮಿಯಾಗುತ್ತಾ ಬಂದು ಎರಡು ಮೂರು ಅಂಕಕ್ಕೆ ತಪ್ಪಿದ್ದರೆ ಇನ್ನೊಂದು ವರ್ಷ ಕೊಡಿ. ಮೂರು ಸಲವೂ ಇಪ್ಪತ್ತು ಅಂಕ ದೂರ ಇದ್ದರೆ, ಅಥವಾ "ಅದೆಲ್ಲ ನೆನಪಿಲ್ಲ ಅಪ್ಪಾ" ಅಂದರೆ, ಅವನಿಗೂ ಒಳಗೆ ಉತ್ತರ ಗೊತ್ತಿದೆ ಅಂತಲೇ.

ವಾಪಸ್ ಕರೆಸಬೇಡಿ. ಊರಿಗೆ ಬಂದು ಕಟ್ಟೆ ಮೇಲೆ ಕೂತರೆ ಆ ಮಾತುಗಳೇ ಅವನನ್ನು ತಿಂದುಹಾಕುತ್ತವೆ. ಅಲ್ಲೇ ಧಾರವಾಡ, ಹುಬ್ಬಳ್ಳಿಯಲ್ಲೇ ಅರ್ಧ ದಿನದ ಕೆಲಸ ನೋಡಲಿ, ಕೋಚಿಂಗ್ ಸೆಂಟರಿನಲ್ಲಿ ಕೆಳಗಿನವರಿಗೆ ಗಣಿತ ಹೇಳಿಕೊಟ್ಟರೂ ಸರಿ, ತನ್ನ ಮೆಸ್ ಖರ್ಚು ತಾನು ನೋಡಿಕೊಂಡರೆ ಅವನ ಬೆನ್ನು ನೆಟ್ಟಗಾಗುತ್ತೆ. ಜೊತೆಗೆ ಬ್ಯಾಂಕ್ ಪರೀಕ್ಷೆ ಬರೆಯಲಿ. ಆ ಪರೀಕ್ಷೆ ನಡೆಸುವ ಐಬಿಪಿಎಸ್‌ನವರು ವರ್ಷದ ಪರೀಕ್ಷೆಗಳ ವೇಳಾಪಟ್ಟಿಯನ್ನು ಮೊದಲೇ ಹಾಕುತ್ತಾರೆ, ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಕ್ಲರ್ಕಿಗೆ ಸಾಮಾನ್ಯ ವರ್ಗಕ್ಕೆ 28 ವರ್ಷ ಮಿತಿ, ಪಿಒ ಅಂದರೆ ಪ್ರೊಬೇಷನರಿ ಅಧಿಕಾರಿ ಹುದ್ದೆಗೆ 30. ಮೀಸಲಾತಿ ಇದ್ದರೆ ಸಡಿಲಿಕೆ ಇದೆ. ಇದನ್ನು ಈಗ ಹೇಳಿ, ಅವನಿಗೆ 29 ಆದಮೇಲೆ ಅಲ್ಲ.

ಪ್ರಶ್ನೆ: ನಾನು ಬಿ.ಎ. ಪದವೀಧರೆ. ಯುವನಿಧಿಯಲ್ಲಿ ತಿಂಗಳಿಗೆ 3,000 ಬರುತ್ತಿದೆ. ಹಾಸನದ ಒಂದು ಸಂಸ್ಥೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಗೆ ಕರೆದಿದ್ದಾರೆ, 9,000 ಕೊಡುತ್ತಾರಂತೆ. ಸೇರಿದರೆ ಯುವನಿಧಿ ನಿಲ್ಲುತ್ತೆ, ಅಪ್ರೆಂಟಿಸ್ ಮುಗಿದ ಮೇಲೆ ಕೆಲಸದ ಗ್ಯಾರಂಟಿಯೂ ಇಲ್ಲ. ಸುಮ್ನೆ ಯಾಕೆ ಅಂತ ಮನೆಯವರು.
(ಅರಸೀಕೆರೆ)

ಉತ್ತರ: ಸೇರಿ ಪುಟ್ಟಾ. ಅಪ್ರೆಂಟಿಸ್ ಭತ್ಯೆ ತಗೊಳ್ಳುವವರಿಗೆ ಯುವನಿಧಿ ಇಲ್ಲ, ನಿಜ. ಕೆಲಸ ಸಿಕ್ಕಿಲ್ಲ ಅಂತ ಸೇವಾಸಿಂಧುವಿನಲ್ಲಿ ಸ್ವಯಂ ಘೋಷಣೆ ಕೊಡಬೇಕಲ್ಲ, ಸೇರಿದ ಮೇಲೆ ಸುಳ್ಳು ಘೋಷಣೆ ಕೊಡಬೇಡಿ, ಯಾರೋ ಕೊಡ್ತಾರೆ ಅಂತ ನೀವೂ ಬೇಡ. ಆದರೆ ಯುವನಿಧಿ ಹೇಗೂ ಎರಡು ವರ್ಷಕ್ಕೆ ಮುಗಿಯುತ್ತೆ, ಮುಗಿದ ದಿನ ನಿಮ್ಮ ಕೈಯಲ್ಲಿ ಏನಿರುತ್ತೆ? ಅಪ್ರೆಂಟಿಸ್ ಮುಗಿಸಿದರೆ ಸರ್ಟಿಫಿಕೇಟ್ ಇರುತ್ತೆ, ಒಂದು ಆಫೀಸಿನ ಒಳಗೆ ಒಂದು ವರ್ಷ ಇದ್ದ ಅಭ್ಯಾಸ ಇರುತ್ತೆ. ಪದವೀಧರರಿಗೆ ಕನಿಷ್ಠ 9,000 ಅಂತ ಅಪ್ರೆಂಟಿಸ್ ನಿಯಮಗಳ 2019ರ ತಿದ್ದುಪಡಿಯಲ್ಲಿ ನಿಗದಿ ಮಾಡಿದ್ದರು, ಈಗಿನ ಕನಿಷ್ಠ ಎಷ್ಟು ಅಂತ ಒಮ್ಮೆ ಕೇಳಿಕೊಳ್ಳಿ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್ ನ್ಯಾಟ್ಸ್‌ನಲ್ಲಿ ಕಾಂಟ್ರ್ಯಾಕ್ಟ್ ನೋಂದಣಿ ಆಗಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಬಾಯಿಮಾತಿನಲ್ಲಿ ಅಪ್ರೆಂಟಿಸ್ ಅಂದು ದುಡಿಸಿಕೊಳ್ಳುವವರೂ ಇದ್ದಾರೆ, ಅಲ್ಲಿ ಕೊನೆಗೆ ಸರ್ಟಿಫಿಕೇಟೂ ಇಲ್ಲ ಏನೂ ಇಲ್ಲ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ, ನಿಮ್ಮ ಮನೆಯವರು ಹೇಳಿದ್ದು ಸರಿ. ಆದರೆ ಮೇಜಿನ ಆ ಕಡೆ ಕೂತವಳಾಗಿ ಹೇಳುತ್ತೇನೆ, ಖಾಲಿ ಹುದ್ದೆ ಬಂದಾಗ ನಾವು ಮೊದಲು ನೋಡುತ್ತಿದ್ದದ್ದು ಈಗಾಗಲೇ ಒಳಗಿರುವ ಮಕ್ಕಳ ಕಡೆ. ಇನ್ನು ಅರಸೀಕೆರೆಯಿಂದ ಹಾಸನಕ್ಕೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಶಕ್ತಿ ಯೋಜನೆಯ ಟಿಕೆಟ್, ಬಸ್ ಚಾರ್ಜ್ ಉಳಿಯಿತು.

ಪ್ರಶ್ನೆ: ಇನ್‌ಫ್ಲುಯೆನ್ಸ್ ಇಲ್ಲದೆ ಕೆಲಸ ಸಿಗಲ್ಲ ಅನ್ನೋದು ನಿಜವಾ? ಸೀನಿಯರ್‌ಗಳಿಗೆಲ್ಲ ಮೆಸೇಜ್ ಮಾಡಿದೆ, ನೋಡಿ ಸುಮ್ಮನಾಗ್ತಾರೆ.
(ಬಿಎಸ್ಸಿ ಕೆಮಿಸ್ಟ್ರಿ, ಶಿರಸಿ)

ಉತ್ತರ: ಏನಂತ ಮೆಸೇಜ್ ಮಾಡಿದ್ದಿರಿ? "ಹಾಯ್ ಅಕ್ಕ, ಏನಾದ್ರೂ ಕೆಲಸ ಇದ್ರೆ ಹೇಳಿ" ಅಂತಲೇ ಇರಬೇಕು. ಅದಕ್ಕೆ ಅವರು ಏನು ತಾನೇ ಬರೆಯಬೇಕು? ಪಾಪ, ಅವರೂ ಬಸ್ಸಿನಲ್ಲಿ ನೇತಾಡಿಕೊಂಡು ಅದನ್ನು ಓದುತ್ತಿರುತ್ತಾರೆ. ಹೀಗೆ ಬರೆದು ನೋಡಿ: "ಅಕ್ಕ, ನಾನು ನಿಮ್ಮದೇ ಕಾಲೇಜು, ಕೆಮಿಸ್ಟ್ರಿ. ನಿಮ್ಮ ಕಂಪನಿಯಲ್ಲಿ ಕ್ಯೂಸಿ ಟ್ರೈನಿ ಹುದ್ದೆ ಹಾಕಿದ್ದಾರೆ, ಲಿಂಕ್ ಇದು. ಟೈಟ್ರೇಶನ್ ಚೆನ್ನಾಗಿ ಬರುತ್ತೆ, ಎಚ್‌ಪಿಎಲ್‌ಸಿ ಕಾಲೇಜಿನಲ್ಲಿ ನೋಡಿದ್ದೇನೆ, ಮುಟ್ಟಿಲ್ಲ. ರೆಫರ್ ಮಾಡಬಹುದಾ? ಆಗದಿದ್ದರೆ ಅಲ್ಲಿ ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ ಅಂತ ಐದು ನಿಮಿಷ ಫೋನ್‌ನಲ್ಲಿ ಹೇಳ್ತೀರಾ?" ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದು ಪದ ಬರೆದರೆ ಸಾಕು. ಮುಟ್ಟಿಲ್ಲ ಅಂತ ಒಪ್ಪಿಕೊಂಡಿದ್ದೇ ಅವರಿಗೆ ನಿಮ್ಮ ಮೇಲೆ ನಂಬಿಕೆ ತರಿಸುತ್ತೆ. ಎಷ್ಟೋ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೆ ಬೋನಸ್ ಕೂಡ ಸಿಗುತ್ತೆ, ಹಾಗಾಗಿ ನೀವು ಭಿಕ್ಷೆ ಕೇಳುತ್ತಿದ್ದೀರಿ ಅಂದುಕೊಳ್ಳಬೇಡಿ. ಮಂತ್ರಿಗಳ ಚೀಟಿ ಹಿಡಿದು ಬರುವ ಇನ್‌ಫ್ಲುಯೆನ್ಸ್ ಬೇರೆ, ಇದು ಬೇರೆ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಬಾಯಿಗೆ ಬರಲ್ಲ. ಬಾಯಿಪಾಠ ಮಾಡಿಕೊಂಡು ಹೋದದ್ದೂ ನಡುವೆ ಮರೆತುಹೋಯ್ತು.
(ಕೊಪ್ಪಳ)

ಉತ್ತರ: ಬಾಯಿಪಾಠವೇ ಮರೆಯುವುದು, ಗೊತ್ತಿರುವುದು ಮರೆಯಲ್ಲ. ನಿಮ್ಮ ಬಗ್ಗೆ ಹೇಳಿ ಅಂದರೆ ಅಪ್ಪ ಏನು, ಅಮ್ಮ ಏನು, ತಂಗಿ ಎಷ್ಟನೇ ಕ್ಲಾಸು ಅಂತ ಶುರು ಮಾಡಬೇಡಿ. ನೀವು ಮಾಡಿದ ಒಂದು ಪ್ರಾಜೆಕ್ಟ್, ಒಂದು ಕೆಲಸ, ಆರು ಚಿಕ್ಕ ವಾಕ್ಯದಲ್ಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ಮೊದಲ ಸಲ ಕೇಳಿದಾಗ ಎಲ್ಲರಿಗೂ ಅಸಹ್ಯ ಅನಿಸುತ್ತೆ, ಹತ್ತನೇ ಸಲಕ್ಕೆ ಸರಿಹೋಗುತ್ತೆ. ಅಲ್ಲಿ ಸಿಕ್ಕಿಹಾಕಿಕೊಂಡರೆ "ಇದನ್ನು ಕನ್ನಡದಲ್ಲಿ ಹೇಳಲಾ ಸರ್" ಅಂತ ಕೇಳಿ. ನಮ್ಮಲ್ಲಿ ಹಾಗೆ ಕೇಳಿದವರಿಗೆ ನಾನು ಅಂಕ ಕಳೆದದ್ದು ನೆನಪಿಲ್ಲ. ಸುಮ್ಮನೆ ತಲೆ ತಗ್ಗಿಸಿ ಕೂತವರಿಗೆ ಏನು ಬರುತ್ತಿತ್ತು ಅಂತ ನನಗೆ ಗೊತ್ತಾಗಲೇ ಇಲ್ಲ. ಕಾಲ್ ಸೆಂಟರ್ ಕೆಲಸಕ್ಕಾದರೆ ಮಾತು ಬೇರೆ, ಅಲ್ಲಿ ಇಂಗ್ಲಿಷೇ ಕೆಲಸ.

ಪ್ರಶ್ನೆ: ಕೆಲಸ ಸಿಕ್ಕಿದೆ ಮೇಡಂ! ಬೊಮ್ಮಸಂದ್ರದಲ್ಲಿ. ಈ ತಿಂಗಳ 27ಕ್ಕೆ ಸೇರಬೇಕು. ಮನೆಯಿಂದ 10,000 ಕೊಡುತ್ತಿದ್ದಾರೆ, ನಾಲ್ಕು ದಿನಕ್ಕೆ ಸಂಬಳ ಆಗುತ್ತಲ್ಲ, ಸಾಕಾಗುತ್ತಾ?
(ಚನ್ನಗಿರಿ)

ಉತ್ತರ: ತುಂಬಾ ಖುಷಿ ಆಯ್ತು, ಆದರೆ ಸಾಕಾಗಲ್ಲ. ಬಹಳ ಕಂಪನಿಗಳಲ್ಲಿ ಸಂಬಳದ ಲೆಕ್ಕ 20ರಿಂದ 25ರೊಳಗೆ ಮುಚ್ಚಿಬಿಡುತ್ತಾರೆ. 27ಕ್ಕೆ ಸೇರಿದವರ ಆ ನಾಲ್ಕು ದಿನದ ದುಡ್ಡು ಮುಂದಿನ ತಿಂಗಳ ಸಂಬಳದ ಜೊತೆಗೇ ಬರುವುದು. ಅಂದರೆ ಮೂವತ್ತೈದು ದಿನ ನಿಮ್ಮ ಜೇಬಿನಿಂದಲೇ. ಪಿಜಿಯವರು ತಿಂಗಳ ಬಾಡಿಗೆಯೂ ಕೇಳುತ್ತಾರೆ, ಅಡ್ವಾನ್ಸೂ ಕೇಳುತ್ತಾರೆ, ಬಿಡುವಾಗ "ಮೇಂಟೆನೆನ್ಸ್" ಅಂತ ಅದರಲ್ಲೇ ಮುರಿದುಕೊಳ್ಳುತ್ತಾರೆ. ಎಷ್ಟು ಮುರಿಯುತ್ತೀರಿ ಅಂತ ಸೇರುವ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಎಚ್‌ಆರ್‌ಗೆ ಫೋನ್ ಮಾಡಿ ಎರಡು ವಿಷಯ ಕೇಳಿ: ಮೊದಲ ಸಂಬಳ ಯಾವ ತಾರೀಖು, ಮತ್ತೆ 1ನೇ ತಾರೀಖಿಗೆ ಸೇರಬಹುದಾ. ಒಪ್ಪಿದರೆ ನಾಲ್ಕೈದು ದಿನದ ಊಟ, ಬಾಡಿಗೆ ಉಳಿಯಿತು. ಮನೆಯವರ ಹತ್ತಿರ ಇನ್ನೂ ಆರೇಳು ಸಾವಿರ ಈಗಲೇ ಸಾಲ ಅಂತಲೇ ಕೇಳಿ, ತಿಂಗಳ ಮಧ್ಯೆ ಫೋನ್ ಮಾಡಿ ಕೇಳುವುದಕ್ಕಿಂತ ಅದು ವಾಸಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೋ ಇದೆ, ಹಾಗಾಗಿ ಆಫೀಸ್ ಬಾಗಿಲಲ್ಲೇ ಪಿಜಿ ಆಗಬೇಕು ಅಂತಿಲ್ಲ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ ಇದ್ದರೆ ಸಾಕು. ಬಕೆಟ್, ಬೆಡ್‌ಶೀಟ್, ಒಂದು ಸಣ್ಣ ಬೀಗ ಊರಿಂದಲೇ ತನ್ನಿ. ಪಿಜಿ ಬೀರುವಿಗೆ ಬೀಗ ಕೊಡಲ್ಲ.